ನೆರಳಿನ ನೆಲಕ್ಕೆ ಒಂದೆಲಗ

ಮಾವಿನ ಮರದ ಅಡಿ, ಮನೆಯ ಉತ್ತರದ ಗೋಡೆಯ ಬದಿ, ಬಾವಿಕಟ್ಟೆಯ ಸುತ್ತ. ಬಿಸಿಲು ಹೆಚ್ಚು ತಾಗದ ಇಂತಹ ಸ್ಥಳಗಳನ್ನು ನಾವು ನಿರುಪಯುಕ್ತವೆಂದು ಬರಿದಾಗಿ ಬಿಡುತ್ತೇವೆ. ಅಲ್ಲಿಯೇ ನೆಲಕ್ಕೆ ಹಸಿರು ಹಾಸಾಗಿ ವರ್ಷಗಟ್ಟಲೆ ಬಾಳುವ ಸಸ್ಯ ಒಂದೆಲಗ. ತುಳುವಿನಲ್ಲಿ ಇದು ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ, ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ಚರಕಸಂಹಿತೆಯು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಇದರ ಸ್ವರಸವೂ ಒಂದು.

ಮನೆಯಲ್ಲೇ ಏಕೆ ಬೆಳೆಯಬೇಕು?

ಈ ಎಲೆಯನ್ನು ನಾವು ಬಹುತೇಕ ಹಸಿಯಾಗಿಯೇ ಸೇವಿಸುತ್ತೇವೆ. ಆದುದರಿಂದ ಅದು ಬೆಳೆದ ನೆಲ ಮತ್ತು ಕುಡಿದ ನೀರು ಶುದ್ಧವಾಗಿರಬೇಕು. ತೇವವನ್ನು ಬಯಸುವ ಒಂದೆಲಗವು ಚರಂಡಿಯ ಬದಿ, ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಲುಸಾಗಿ ಹಬ್ಬುತ್ತದೆ. ಅಲ್ಲಿನ ಎಲೆಗಳಿಗೆ ರೋಗಾಣುಗಳೂ ಹುಳುಗಳ ಮೊಟ್ಟೆಗಳೂ ಅಂಟಿರಬಹುದು. ಕಲುಷಿತ ಮಣ್ಣಿನಲ್ಲಿರುವ ಸೀಸದಂತಹ ಭಾರಲೋಹಗಳನ್ನು ಈ ಸಸ್ಯ ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಅವು ಹೋಗುವುದಿಲ್ಲ. ಔಷಧವೆಂದು ಮಕ್ಕಳಿಗೆ ಕೊಟ್ಟದ್ದೇ ವಿಷವಾಗಬಾರದಲ್ಲವೇ?

ಗುರುತು

ಒಂದೆಲಗದ ಎಲೆ ಮೂತ್ರಪಿಂಡದ ಆಕಾರದ್ದು. ಅಂಚು ಸಣ್ಣ ಹಲ್ಲುಗಳಂತಿರುತ್ತದೆ. ಎಲೆಯ ಬುಡದಲ್ಲಿರುವ ಸೀಳಿಗೆ ತೊಟ್ಟು ಸೇರಿರುತ್ತದೆ. ಅಲಂಕಾರಕ್ಕೆ ಬೆಳೆಸುವ, ದುಂಡೆಲೆಯ ನಡುವೆ ತೊಟ್ಟು ಸೇರುವ ಸಸ್ಯ ಬೇರೆ. ಬ್ರಾಹ್ಮಿ ಎಂಬ ಹೆಸರು ಎರಡಕ್ಕೂ ಬಳಕೆಯಲ್ಲಿದ್ದರೂ, ಪುಟ್ಟ ದಪ್ಪ ಎಲೆಗಳ ನೀರುಬ್ರಾಹ್ಮಿಯೂ ಬೇರೆಯೇ.

ಬೆಳೆಸುವ ಕ್ರಮ

ಮಳೆಗಾಲದ ಆರಂಭ ನೆಡಲು ಪ್ರಶಸ್ತ. ಬೀಜಕ್ಕಿಂತ ಹಂಬಿನ ತುಂಡುಗಳೇ ಸುಲಭ. ಬೇರು ಬಿಟ್ಟ ಎರಡು ಮೂರು ಗೆಣ್ಣುಗಳಿರುವ ತುಂಡನ್ನು ತೆಗೆದು, ಕೊಳೆತ ಗೊಬ್ಬರ ಬೆರೆಸಿದ ಸಡಿಲ ಮಣ್ಣಿನಲ್ಲಿ ಸುಮಾರು 20 ಸೆಂಟಿಮೀಟರ್ ಅಂತರಕ್ಕೆ ನೆಡಬೇಕು. ಪ್ರತಿ ಗೆಣ್ಣೂ ನೆಲಕ್ಕೆ ತಾಗಿದಲ್ಲಿ ಬೇರೂರಿ ಹೊಸ ಗಿಡವಾಗುತ್ತದೆ. ಮಣ್ಣು ಸದಾ ತೇವವಿರಲಿ, ಆದರೆ ನೀರು ನಿಲ್ಲದಿರಲಿ. ಬಯಲುಸೀಮೆಯ ಬೇಸಗೆಯಲ್ಲಿ ಮಧ್ಯಾಹ್ನದ ಬಿಸಿಲು ಎಲೆಯನ್ನು ಸುಡುವುದರಿಂದ ಮರದ ನೆರಳು ಅವಶ್ಯ. ಗಾಢ ಕತ್ತಲೆಯಲ್ಲಿ ತೊಟ್ಟು ಉದ್ದವಾಗಿ ಎಲೆ ಸೊರಗುತ್ತದೆ. ಮುಂಜಾನೆಯ ಎಳೆಬಿಸಿಲು ಹಿತಕರ. ಅಂಗಳವಿಲ್ಲದವರಿಗೆ ಒಂದು ಗೇಣು ಆಳದ ಅಗಲವಾದ ಕುಂಡ ಸಾಕು. ಹಾಸು ದಟ್ಟವಾದ ಮೇಲೆ ಬೇರು ಕೀಳದೆ, ಬಲಿತ ಎಲೆಗಳನ್ನಷ್ಟೇ ತೊಟ್ಟಿನ ಸಮೇತ ಚಿವುಟಬೇಕು.

ಬಳಕೆ ಮತ್ತು ಎಚ್ಚರಿಕೆ

ಎಲೆಗಳನ್ನು ತುಪ್ಪದಲ್ಲಿ ಜೀರಿಗೆ, ಮೆಣಸಿನೊಡನೆ ಬಾಡಿಸಿ, ತೆಂಗಿನತುರಿಯೊಂದಿಗೆ ರುಬ್ಬಿ ಮಜ್ಜಿಗೆ ಸೇರಿಸಿದರೆ ತಂಬುಳಿ ಸಿದ್ಧ. ಆಹಾರವಾಗಿ ವಾರಕ್ಕೊಮ್ಮೆ ಎರಡು ಬಾರಿ ಹಿತಮಿತವಾಗಿ ಬಳಸೋಣ. ನೆನಪಿನ ಶಕ್ತಿ ಹೆಚ್ಚಲೆಂದು ತಿಂಗಳುಗಟ್ಟಲೆ ರಸ, ಚೂರ್ಣ, ಗುಳಿಗೆಗಳನ್ನು ಸ್ವೇಚ್ಛೆಯಿಂದ ಸೇವಿಸುವುದು ಸಲ್ಲದು. ಹೀಗೆ ಸೇವಿಸಿದವರಲ್ಲಿ ಯಕೃತ್ತಿಗೆ ತೊಂದರೆಯಾದ ನಿದರ್ಶನಗಳು ವಿರಳವಾಗಿಯಾದರೂ ದಾಖಲಾಗಿವೆ. ಗರ್ಭಿಣಿಯರು, ಯಕೃತ್ತಿನ ರೋಗವುಳ್ಳವರು, ನಿದ್ರೆಯ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಮಳೆಗಾಲಕ್ಕೆ ಮುನ್ನವೇ ಹಿತ್ತಲಿನ ಒಂದು ನೆರಳಿನ ಮೂಲೆಯನ್ನು ಹಸನುಗೊಳಿಸಿ, ಶುದ್ಧ ನೀರಿನ ಅನುಕೂಲವನ್ನು ಮಾಡಿಕೊಳ್ಳೋಣ.