ಮಸಿನಗುಡಿಯ ಸಂಜೆಗೊಂದು ಕಥೆಯಾಟ

ನೀಲಗಿರಿಯ ಕಾಡಂಚಿನ ಮಸಿನಗುಡಿಯಲ್ಲಿ ಕತ್ತಲಾದ ಮೇಲೆ ಆನೆ ಓಡಾಡುವ ದಾರಿಗೆ ಇಳಿಯುವಂತಿಲ್ಲ. ಗೆಳೆಯರೊಂದಿಗೆ ಅಲ್ಲಿ ತಂಗುವುದಾದರೆ ಕಾಗದ, ಪೆನ್ಸಿಲ್, ದಾಳ ಒಯ್ಯಿರಿ. ಒಬ್ಬರು ಆಟ ನಡೆಸುತ್ತ, ಉಳಿದವರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ ಆಡಿ; ಪಾತ್ರದ ಪ್ರಯತ್ನ ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, 1974ರಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಜಗತ್ತಿಗೆ ಹಬ್ಬಿದ ಆಟವಿದು.

ಆಟ ನಡೆಸುವವರಿಗೆ ನಾಲ್ಕು ಮಾತು. ಕಥೆಯನ್ನು ಮೊದಲೇ ಪೂರ್ತಿ ಹೆಣೆದಿಡಬೇಡಿ. ತಮ್ಮ ತೀರ್ಮಾನದಿಂದ ಕಥೆ ತಿರುಗಿದರೆ ಆಟಗಾರರು ಮರುದಿನವೂ ಬರುತ್ತಾರೆ. ತಾಳಮದ್ದಳೆ ಕೇಳಿದವರಿಗೆ ಇದು ಗೊತ್ತು: ಪ್ರಸಂಗ ಹಳೆಯದೇ, ಆದರೂ ಮಾತಿನಲ್ಲೇ ಪಾತ್ರ ಕಟ್ಟುತ್ತ ಎದುರು ಕೂತ ಅರ್ಥಧಾರಿ ಏನು ಪ್ರಶ್ನೆ ಎಸೆಯುತ್ತಾರೋ ಎಂಬ ಕುತೂಹಲವೇ ಜನರನ್ನು ಹಿಡಿದು ಕೂರಿಸುತ್ತದೆ.

ನಿಯಮ ಹತ್ತು ನಿಮಿಷದಲ್ಲಿ ಹೇಳಿ ಮುಗಿಯಲಿ. ನಾಲ್ಕೈದು ಜನ ಸಾಕು. ಸುಮ್ಮನೆ ಕೂತವರಿಗೂ ಸರದಿ ಕೊಡಿ. ದಾಳ ಕೈಕೊಟ್ಟರೂ ಕಥೆ ನಿಲ್ಲಬಾರದು. ಕಥೆಯಲ್ಲಿ, ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯ 36 ತಿರುವುಗಳಲ್ಲಿ ಜೀಪು ಕೆಟ್ಟು ನಿಂತಿತೇ? ಮುಂದೇನೆಂದು ಆಟಗಾರರನ್ನೇ ಕೇಳಿ. ಡ್ರ್ಯಾಗನ್ ಗುಹೆಯ ಬದಲು ಹತ್ತಿರದ ಮೋಯಾರ್ ಕಣಿವೆ, ತೆಪ್ಪಕಾಡಿನ ಆನೆ ಶಿಬಿರ ಬರಲಿ. ಕಂಡ ನೆಲವಾದರೆ ಸಂಕೋಚದವರೂ ಬಾಯಿ ಬಿಡುತ್ತಾರೆ.

ಕೊನೆಯದಾಗಿ, ಕಥೆ ರಂಗೇರಿರುವಾಗಲೇ ಆಟ ನಿಲ್ಲಿಸಿ. ‘ನಾಳೆ ಎಷ್ಟು ಹೊತ್ತಿಗೆ?’ ಎಂದು ಆಟಗಾರರೇ ಕೇಳಬೇಕು.