ರೆಕ್ಕೆ ಬಡಿಯುತ್ತಾ ಬಂದ ತಾಯಿ ಹಕ್ಕಿ

ಪ್ರವಾದಿ ಮುಹಮ್ಮದ್(ಸ)ರೊಂದಿಗೆ ಸಹಾಬಿಗಳು ಪ್ರಯಾಣದಲ್ಲಿದ್ದರು. ಪ್ರವಾದಿವರ್ಯರು(ಸ) ಸ್ವಲ್ಪ ದೂರ ಹೋಗಿದ್ದಾಗ ಎರಡು ಮರಿಗಳಿದ್ದ ಪುಟ್ಟ ಹಕ್ಕಿಯೊಂದು ಅವರ ಕಣ್ಣಿಗೆ ಬಿತ್ತು. ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಬಂತು. ಮರಳಿ ಬಂದ ಪ್ರವಾದಿವರ್ಯರು(ಸ), ಮರಿಗಳನ್ನು ಕಿತ್ತುಕೊಂಡು ಈ ತಾಯಿಯನ್ನು ನೋಯಿಸಿದವರು ಯಾರೆಂದು ಕೇಳಿ, ಅವುಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ) ತಿಳಿಸಿದ ಈ ಘಟನೆ ಅಬೂದಾವೂದ್‌ನಲ್ಲಿದೆ.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಮರಿಗಳಿಗೆ ಯಾರಾದರೂ ಹಿಂಸೆ ಕೊಟ್ಟರೆಂದು ಹದೀಸಿನಲ್ಲಿಲ್ಲ. ಎತ್ತಿಕೊಂಡರು, ಅಷ್ಟೇ. ಆದರೆ ಪ್ರವಾದಿವರ್ಯರ(ಸ) ದೃಷ್ಟಿ ಹೋದದ್ದು ತಾಯಿಯ ಸಂಕಟದ ಕಡೆಗೆ. ಪ್ರೀತಿಯೆಂದರೆ ಕೈಯಲ್ಲಿ ಹಿಡಿಯುವುದು ಎಂದು ತಿಳಿದಿರುವ ನಮಗೆ ಇದು ಹೊಸ ಪಾಠ. ಭೂಮಿಯ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ (6:38) ತಿಳಿಸುತ್ತದೆ. ರೆಕ್ಕೆ ಹರಡಿದ ಹಕ್ಕಿಗಳಿಗೂ ತಮ್ಮದೇ ತಸ್ಬೀಹ್ ಇದೆಯೆಂದು ಸೂರಃ ಅನ್ನೂರ್ (24:41) ಹೇಳುತ್ತದೆ. ಇದು ಮನಸ್ಸಿಗಿಳಿದವನು ಸುಬುಹ್ ನಮಾಝ್ ಮುಗಿಸಿ ಹೊರಬಂದಾಗ ಮರದ ಮೇಲಿನ ಕಲರವವನ್ನು ಬರೇ ಗದ್ದಲವೆಂದು ಕೇಳಲಾರ.

ಇನ್ನು ಜಗಲಿಯಲ್ಲಿ ತೂಗುವ ಗಿಣಿಯ ಪಂಜರದ ವಿಷಯ. ಬಾಲಕ ಅಬೂ ಉಮೈರ್‌ನ ಪುಟ್ಟ ಹಕ್ಕಿಯ ಬಗ್ಗೆ ಪ್ರವಾದಿವರ್ಯರು(ಸ) ಅಕ್ಕರೆಯಿಂದ ವಿಚಾರಿಸಿದ್ದರು. ಇದರ ಆಧಾರದಲ್ಲಿ ಹಕ್ಕಿ ಸಾಕುವುದು ಅನುವದನೀಯವೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ಆದರೆ ಅದಕ್ಕೆ ಹಸಿವಾಗಲಿ ಹಿಂಸೆಯಾಗಲಿ ಆಗಬಾರದು. ಬೆಕ್ಕನ್ನು ಕೂಡಿಹಾಕಿ, ತಾನೂ ತಿನ್ನಿಸದೆ, ಹೊರಗೆ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಗೆ ನರಕವಾದ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ರೆಕ್ಕೆ ಬಿಚ್ಚಲೂ ಜಾಗವಿಲ್ಲದ ಪಂಜರ ಈ ಶರತ್ತಿಗೆ ಹೊಂದೀತೇ? ನನಗಂತೂ ಹಾಗೆ ತೋರುವುದಿಲ್ಲ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಕಾಡುಗಿಣಿಗಳನ್ನು ಹಿಡಿಯುವುದು, ಪಂಜರದಲ್ಲಿಡುವುದು ಅಪರಾಧ. ಹಾಗೆಂದು ಇಂದೇ ಬಾಗಿಲು ತೆರೆದು ಹಾರಿಬಿಡಬೇಡಿ. ಆಹಾರ ಹುಡುಕಲು ಅರಿಯದ ಹಕ್ಕಿ ಸತ್ತೇ ಹೋದೀತು. ಅರಣ್ಯ ಇಲಾಖೆಯವರಿಗೆ ಒಪ್ಪಿಸಿ.

ಹಿಡಿಯದೆ ನಂಟು ಬೆಳೆಸುವುದು ಹೇಗೆ? ನೋಡುತ್ತಾ ಕೂರಬೇಕು. ಪಕ್ಷಿತಜ್ಞ ಸಾಲಿಮ್ ಅಲಿ (1896-1987) ಬಾಲ್ಯದಲ್ಲಿ ಗುಂಡಿಟ್ಟು ಕೆಡವಿದ ಹಳದಿ ಕೊರಳಿನ ಗುಬ್ಬಿಯೊಂದು ಅವರನ್ನು ಈ ವಿದ್ಯೆಯತ್ತ ತಿರುಗಿಸಿತು. ಅಧ್ಯಯನಕ್ಕಾಗಿ ಮುಂದೆಯೂ ಅವರು ಹಕ್ಕಿಗಳನ್ನು ಹೊಡೆದದ್ದುಂಟು. ಆದರೆ ಗೀಜಗದ ಗುಟ್ಟು ಬಂದೂಕಿನಿಂದ ತಿಳಿಯಲಿಲ್ಲ. 1930ರಲ್ಲಿ ಮುಂಬಯಿ ಸಮೀಪದ ಕಿಹಿಮ್‌ನಲ್ಲಿ ಗೂಡುಗಳೆದುರು ಮರೆಯಲ್ಲಿ ಕುಳಿತು ಅವರು ಕಂಡುಕೊಂಡರು: ಗಂಡು ಹಕ್ಕಿ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಗಂಡು ಅದನ್ನು ಪೂರ್ತಿಗೊಳಿಸಿ, ಬಳಿಕ ಇನ್ನೊಂದು ಗೂಡಿಗೆ ಕೈ ಹಾಕುತ್ತದೆ.

ಮಳೆಗಾಲದಲ್ಲಿ ಈಚಲು, ತೆಂಗಿನ ಗರಿಗಳಲ್ಲಿ ಈ ಗೂಡುಗಳು ತೂಗುತ್ತವೆ. ಮಕ್ಕಳಿಗೆ ದೂರದಿಂದಲೇ ತೋರಿಸಿ. ಅರ್ಧಕ್ಕೆ ನಿಂತ ಗೂಡನ್ನು ಕಂಡು, ಬಿಟ್ಟುಹೋದದ್ದೆಂದು ಮನೆಯ ಅಲಂಕಾರಕ್ಕೆ ಕಿತ್ತು ತರಬೇಡಿ. ಹೆಣ್ಣಿನ ಒಪ್ಪಿಗೆಗಾಗಿ ಕಾಯುತ್ತಿರುವ ಗೂಡು ಅದಾಗಿರಬಹುದು.