ಮಿತವ್ಯಯದ ಶೈಕ್ಷಣಿಕ ಪ್ರವಾಸ

ಪ್ರವಾಸವು ವಿದ್ಯೆಯ ಒಂದು ಅಂಗ. ಆದರೆ ವೆಚ್ಚದ ಮಾತು ಬಂದೊಡನೆ ಮೈ ಸರಿಯಿಲ್ಲವೆಂದು ನೆವ ಹೇಳಿ ಹಿಂದೆ ಸರಿಯುವ ಬಡ ವಿದ್ಯಾರ್ಥಿಯ ಮನಸ್ಸನ್ನು ಶಿಕ್ಷಕರು ಅರಿಯಬೇಕು. ಆದಕಾರಣ ಮೊದಲು ಲೆಕ್ಕ, ಬಳಿಕ ಪಯಣ.

ರಾಜಾಜಿನಗರದಿಂದ ತುಮಕೂರಿನ ಸಿದ್ಧಗಂಗಾ ಕ್ಷೇತ್ರಕ್ಕೆ ಹೊರಡುವ ತಂಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಗೊತ್ತುಮಾಡಿದ ಬಸ್ಸು ಅರ್ಧ ಖಾಲಿಯಾಗಿ ಹೋದರೂ ಬಾಡಿಗೆ ಪೂರ್ತಿ. ಯಶವಂತಪುರದಲ್ಲಿ ಹತ್ತಿ, ಕ್ಯಾತ್ಸಂದ್ರದಲ್ಲಿ ನಿಲ್ಲುವ ಪ್ಯಾಸೆಂಜರ್ ರೈಲಿನಲ್ಲಾದರೋ ಹೋದಷ್ಟು ಜನಕ್ಕೇ ಹಣ. 5 ವರ್ಷ ತುಂಬಿ 12 ತುಂಬದ ಮಕ್ಕಳಿಗೆ ಅರ್ಧ ದರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಜೊತೆಯಲ್ಲಿರಬೇಕು. ಹೀಗಾಗಿ ಹುಡುಗಿಯರೇ ಹೆಚ್ಚಿರುವ ತಂಡಕ್ಕೆ ಬಸ್ಸು, ಕಿರಿಯ ಹುಡುಗರೇ ಹೆಚ್ಚಿರುವ ತಂಡಕ್ಕೆ ರೈಲು ಲೇಸು.

ಕ್ಷೇತ್ರದಲ್ಲಿ ಬಂದವರಿಗೆಲ್ಲ ದಾಸೋಹವುಂಟು. ಅದನ್ನು ಉಳಿತಾಯದ ಪಟ್ಟಿಗೆ ಸೇರಿಸುವುದು ತರವಲ್ಲ. ಉಂಡ ಮಕ್ಕಳು ಅಲ್ಲಿಯವರನ್ನು ಕೇಳಿ ಒಂದಿಷ್ಟು ಕಾಯಕ ಮಾಡಿ, ಕೈಲಾದ ಕಾಣಿಕೆ ಒಪ್ಪಿಸಿ ಬರಲಿ.

ಪ್ರಯಾಣದಲ್ಲಿ ಉಳಿದ ಹಣದಿಂದ, ಹೆಸರನ್ನು ಹೊರಗೆಡಹದೆ, ಹಿಂದೆ ಸರಿದಿದ್ದ ಆ ವಿದ್ಯಾರ್ಥಿಗೂ ಒಂದು ಟಿಕೇಟು ಕೊಂಡಾಗಲೇ ಪ್ರವಾಸದ ಲೆಕ್ಕ ಸರಿಹೋಗುವುದು.